ಮರಳುನಾಡಿನಲ್ಲಿ ಮಳೆ ಕೊರೆದ ಗುಹೆಗಳು

ಒಮಾನ್ ದೇಶದ ಹೆಸರಾಂತ ಗುಹೆಗಳೆಲ್ಲ ಸುಣ್ಣಕಲ್ಲಿನವು; ಅವನ್ನು ಕೊರೆದದ್ದು ಮಳೆನೀರು. ಅರೇಬಿಯಾ ಪರ್ಯಾಯ ದ್ವೀಪದ ಆಗ್ನೇಯ ಅಂಚಿನಲ್ಲಿರುವ ಈ ದೇಶದ ಬಹುಭಾಗ ಮರುಭೂಮಿ. ಪಶ್ಚಿಮಕ್ಕೆ ರುಬ್ ಅಲ್ ಖಾಲಿಯ ಮರಳುಗಾಡು, ಪೂರ್ವಕ್ಕೆ ಶರ್ಕಿಯಾದ ಮರಳುದಿಬ್ಬಗಳು, ನಡುವೆ ಜಲ್ಲಿಕಲ್ಲಿನ ಬಯಲು. ರಾಜಧಾನಿ ಮಸ್ಕತ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಮುಂಗಾರು ಬಿರುಸಾದಾಗ ಆಗುಂಬೆಯಲ್ಲಿ ಒಂದೇ ದಿನಕ್ಕೆ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಇಷ್ಟು ಕಡಿಮೆ ಮಳೆಯ ನಾಡಿನ ಬೆಟ್ಟಗಳೊಳಗೆ ಕಿಲೋಮೀಟರ್‌ಗಟ್ಟಲೆ ಸಾಗುವ ಸುರಂಗಗಳಿವೆ, ಕತ್ತಲಲ್ಲಿ ತುಂಬಿ ನಿಂತ ಕೆರೆಗಳಿವೆ, ಜಗತ್ತಿನ ಅತಿ ದೊಡ್ಡ ಭೂಗತ ಕೋಣೆಗಳ ಸಾಲಿಗೆ ಸೇರಿದ ಒಂದು ಗುಹೆಯೂ ಇದೆ. ಇಂದು ಬೀಳುವ ಮಳೆಯಿಂದ ಆಗುವ ಕೆಲಸ ಇದಲ್ಲ. ಈ ನಾಡು ಎಂದೋ, ಒಮ್ಮೆಯಲ್ಲ ಹಲವು ಸಲ, ಚೆನ್ನಾಗಿ ಮಳೆ ಕಂಡಿತ್ತು ಎಂಬುದಕ್ಕೆ ಈ ಗುಹೆಗಳೇ ಸಾಕ್ಷಿ. ಅವನ್ನು ನೋಡಲು ಹೋಗುವ ಪ್ರವಾಸಿ ಗಮನಿಸಬೇಕಾದ ಮೊದಲ ಸಂಗತಿಯೂ ಇದೇ.

ಒಮಾನಿನ ಉತ್ತರಕ್ಕೆ ಕಮಾನಿನಂತೆ ಬಾಗಿ ನಿಂತಿರುವುದು ಹಜರ್ ಪರ್ವತಶ್ರೇಣಿ. ಇದರ ಸುಣ್ಣಕಲ್ಲು ರೂಪುಗೊಂಡದ್ದು ಆಳವಿಲ್ಲದ, ಬೆಚ್ಚಗಿನ ಸಮುದ್ರದ ತಳದಲ್ಲಿ. ಚಿಪ್ಪಿನ ಜೀವಿಗಳ ಅವಶೇಷ ಪದರಪದರವಾಗಿ ಕೂತು, ಒತ್ತಡಕ್ಕೆ ಗಟ್ಟಿಯಾಗಿ, ಕೊನೆಗೆ ಭೂಫಲಕಗಳ ಚಲನೆಯಿಂದ ಮೇಲೆದ್ದು ಪರ್ವತವಾಯಿತು. ಶ್ರೇಣಿಯ ಅತಿ ಎತ್ತರದ ಶಿಖರ ಜಬಲ್ ಶಮ್ಸ್ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಮೇಲಿದೆ. ಅದರ ಬಂಡೆಗಳಲ್ಲಿ ಇಂದಿಗೂ ಕಡಲಜೀವಿಗಳ ಪಳೆಯುಳಿಕೆ ಸಿಗುತ್ತದೆ. ಮಸ್ಕತ್ ಸುತ್ತಮುತ್ತ ಕಾಣುವ ಕಪ್ಪುಕಂದು ಬಣ್ಣದ ಮೊನಚು ಗುಡ್ಡಗಳದು ಬೇರೆಯೇ ಕಥೆ. ಅವು ಸಾಗರತಳದ ಆಳದಿಂದ ನೆಲದ ಮೇಲಕ್ಕೆ ತಳ್ಳಲ್ಪಟ್ಟ ಓಫಿಯೋಲೈಟ್ ಶಿಲೆಗಳು. ಭೂವಿಜ್ಞಾನಿಗಳು ಅವನ್ನು ನೋಡಲೆಂದೇ ದೂರದೇಶಗಳಿಂದ ಬರುತ್ತಾರೆ, ಆದರೆ ಗುಹೆ ಹುಡುಕುವವರಿಗೆ ಅಲ್ಲಿ ಕೆಲಸವಿಲ್ಲ. ಗುಹೆ ಬೇಕಾದವರು ಮಾಸಲು ಬೂದು ಬಣ್ಣದ, ಪದರ ಎದ್ದು ಕಾಣುವ ಕಡಿಬಂಡೆಗಳ ಕಡೆ ಹೊರಳಬೇಕು.

ಸುಣ್ಣಕಲ್ಲು ಶುದ್ಧ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಬೀಳುವ ಮಳೆ ಗಾಳಿಯಿಂದ ಸ್ವಲ್ಪ, ಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಉಸಿರಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಈ ಹುಳಿನೀರು ಬಂಡೆಯ ಕೂದಲೆಳೆಯಷ್ಟು ಬಿರುಕಿಗೆ ಇಳಿದರೂ ಸಾಕು, ಸಾವಿರಾರು ವರ್ಷಗಳಲ್ಲಿ ಬಿರುಕು ಕಾಲುವೆಯಾಗುತ್ತದೆ, ಕಾಲುವೆ ಸುರಂಗವಾಗುತ್ತದೆ. ಸುರಂಗದ ಚಾವಣಿ ಅಗಲವಾಗುತ್ತ ಹೋಗಿ, ತನ್ನ ಭಾರ ತಾನೇ ತಾಳಲಾರದೆ ಕುಸಿದರೆ ಬಾಯ್ತೆರೆದ ಸಿಂಕ್‌ಹೋಲ್ ಆಗುತ್ತದೆ. ಹಾಗೆಯೇ, ಸುಣ್ಣ ಕರಗಿಸಿಕೊಂಡ ನೀರು ಗುಹೆಯ ತೆರೆದ ಗಾಳಿಗೆ ಬಂದಾಗ ಅದರೊಳಗಿನ ಡೈಆಕ್ಸೈಡ್ ಹಾರಿಹೋಗಿ, ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಚಾವಣಿಯಿಂದ ಇಳಿಬೀಳುವುದು ಸ್ಟ್ಯಾಲಕ್ಟೈಟ್, ಹನಿ ಬಿದ್ದ ಜಾಗದಲ್ಲಿ ನೆಲದಿಂದ ಮೇಲೇಳುವುದು ಸ್ಟ್ಯಾಲಗ್ಮೈಟ್, ಎರಡೂ ಕೂಡಿಕೊಂಡರೆ ಕಂಬ. ಅಂದರೆ ಗುಹೆ ಕೊರೆಯುವುದೂ ಅದನ್ನು ಸಿಂಗರಿಸುವುದೂ ಒಂದೇ ನೀರು. ಬಾದಾಮಿಯ ಗುಹೆಗಳಂತೆ ಉಳಿಯ ಕೆಲಸ ಇಲ್ಲಿಲ್ಲ.

ಅಲ್ ಹೂತಾ

ಮೊದಲ ಸಲ ಗುಹೆ ನೋಡುವವರಿಗೆ ತಕ್ಕ ಜಾಗ ಅಲ್ ಹೂತಾ. ಮಸ್ಕತ್‌ನಿಂದ ನಿಜ್ವಾ ಹೆದ್ದಾರಿ ಹಿಡಿದು, ಹಳೆಯ ಮಣ್ಣಿನ ಮನೆಗಳ ಊರಾದ ಅಲ್ ಹಮ್ರಾ ಕಡೆಗೆ ತಿರುಗಿದರೆ ಜಬಲ್ ಶಮ್ಸ್‌ನ ಬುಡದಲ್ಲಿ ಇದು ಸಿಗುತ್ತದೆ. ಗುಹೆಯ ಒಟ್ಟು ಉದ್ದ ಸುಮಾರು 4.5 ಕಿಲೋಮೀಟರ್. ಮೇಲುಗಡೆಯ ಬಾಯಿಯಿಂದ ಒಳಹೊಕ್ಕ ವಾಡಿಯ ನೀರು, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣಹಳ್ಳದ ನೀರು, ಬೆಟ್ಟದ ಹೊಟ್ಟೆಯೊಳಗೇ ಸಾಗಿ ಕೆಳಗಡೆಯ ಬಾಯಿಯಲ್ಲಿ ಹೊರಬೀಳುವ ಏರ್ಪಾಡು ಇದು. ಪ್ರವಾಸಿಗಳಿಗೆ ತೆರೆದಿರುವುದು ಕೆಳಗಡೆಯ ಸುಮಾರು 500 ಮೀಟರ್ ಮಾತ್ರ. 2006ರಲ್ಲಿ ಮೆಟ್ಟಿಲು, ಕೈಗಂಬಿ, ದೀಪಗಳೊಂದಿಗೆ ಇದು ಸಾರ್ವಜನಿಕರಿಗೆ ತೆರೆದಾಗ ಅರೇಬಿಯಾ ಪರ್ಯಾಯ ದ್ವೀಪದ ಮೊದಲ ಪ್ರದರ್ಶನ ಗುಹೆ ಎನಿಸಿಕೊಂಡಿತು. 2012ರಲ್ಲಿ ನೀರು ನುಗ್ಗಿ ಒಳಗಿನ ವ್ಯವಸ್ಥೆ ಹಾಳಾದದ್ದರಿಂದ ಬಾಗಿಲು ಹಾಕಿತು; ಮತ್ತೆ ತೆರೆದದ್ದು 2016ರಲ್ಲಿ. ಮರುಭೂಮಿಯ ಒಂದು ಗುಹೆ ನೆರೆಯಿಂದಾಗಿ ನಾಲ್ಕು ವರ್ಷ ಮುಚ್ಚಿತ್ತು ಎಂಬುದನ್ನು ಇಲ್ಲಿಗೆ ಬರುವ ಪ್ರತಿಯೊಬ್ಬರೂ ನೆನಪಿಡಬೇಕು. ಈ ಹಳ್ಳ ಇನ್ನೂ ಜೀವಂತವಾಗಿದೆ.

ಹೊರಗೆ ಬಂಡೆ ಮುಟ್ಟಿದರೆ ಕೈ ಸುಡುವ ಹೊತ್ತಿನಲ್ಲೂ ಒಳಗಿನ ಗಾಳಿ ಹಸಿಹಸಿ. ಗುಹೆಯ ಆಳದ ಉಷ್ಣತೆ ಹೊರಗಿನ ಇಡೀ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ. ಹಗಲು ರಾತ್ರಿಯ ವ್ಯತ್ಯಾಸ ಅಲ್ಲಿಗೆ ತಲುಪುವುದಿಲ್ಲ. ತೇವ ಮಾತ್ರ ಎಷ್ಟಿರುತ್ತದೆಂದರೆ ಕನ್ನಡಕದ ಗಾಜು ಮಬ್ಬಾಗಿ, ಹತ್ತು ನಿಮಿಷದಲ್ಲಿ ಅಂಗಿ ಮೈಗಂಟುತ್ತದೆ. ದೀಪದ ಬೆಳಕು ಬಿದ್ದಲ್ಲಿ ಚಾವಣಿಯಿಂದ ಇಳಿದ ತೆಳು ಕಲ್ಲಿನ ಪರದೆಗಳು ಕಾಣುತ್ತವೆ, ಅವುಗಳಲ್ಲಿ ಜೇನುಬಣ್ಣದ ಗೆರೆಗಳಿವೆ. ಕಬ್ಬಿಣದ ಅಂಶವಿರುವ ಮಣ್ಣಿನ ಮೂಲಕ ನೀರು ಇಳಿದು ಬಂದ ಗುರುತು ಅದು. ಒಂದೊಂದು ಸ್ಟ್ಯಾಲಕ್ಟೈಟಿನ ತುದಿಯಲ್ಲೂ ಹನಿಯೊಂದು ಬೀಳಲು ಸಿದ್ಧವಾಗಿ ನಿಂತಿರುತ್ತದೆ. ಅದು ಬೆಳೆಯುತ್ತಿರುವ ಕಲ್ಲು. ತುದಿ ಒಣಗಿದ್ದರೆ ಅದರ ಬೆಳವಣಿಗೆ ನಿಂತಿದೆ ಎಂದು ತಿಳಿಯಬೇಕು. ಈ ವ್ಯತ್ಯಾಸವನ್ನು ಗಮನಿಸುತ್ತ ನಡೆದವರಿಗೆ ಗುಹೆ ಕಾಣುವ ಬಗೆಯೇ ಬದಲಾಗುತ್ತದೆ. ಮಾರ್ಗದರ್ಶಿಗಳು ತೋರಿಸುವ ಸಿಂಹದ ಮುಖ, ಒಂಟೆಯ ಆಕಾರಗಳಿಗಿಂತ ಇದು ಎಷ್ಟೋ ಹೆಚ್ಚಿನ ನೋಟ.

ಅಲ್ ಹೂತಾದ ಒಳಗೆ ಅಂದಾಜು 800 ಮೀಟರ್ ಉದ್ದದ ಕೆರೆಯಿದೆ, ಅದರಲ್ಲಿ ಕಣ್ಣಿಲ್ಲದ ಮೀನಿದೆ. ವೈಜ್ಞಾನಿಕವಾಗಿ ಇದು ಗಾರಾ ಬರೈಮಿಯೇ ಎಂಬ ಜಾತಿ. ಇದೇ ಜಾತಿಯ ಮೀನು ಸುತ್ತಮುತ್ತಲ ವಾಡಿಗಳ ಬಿಸಿಲುಗುಂಡಿಗಳಲ್ಲಿ ಕಂದುಬಣ್ಣದ ಮೈ ಹೊತ್ತು, ಎರಡೂ ಕಣ್ಣು ಬಿಟ್ಟುಕೊಂಡು ಆರಾಮವಾಗಿ ಬದುಕಿದೆ. ಗುಹೆಯೊಳಗೆ ಸೇರಿದ ಬಳಗಕ್ಕೆ ಬಣ್ಣ ಹೋಗಿದೆ, ಚರ್ಮದಡಿಯ ರಕ್ತ ಕಾಣುವುದರಿಂದ ಮೈ ನಸುಗೆಂಪು. ಮರಿಗಳಿಗೆ ಪುಟ್ಟ ಕಣ್ಣುಗಳಿರುತ್ತವೆ. ಬೆಳೆಯುತ್ತ ಹೋದಂತೆ ಅವುಗಳ ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಕಣ್ಣನ್ನು ಸಾಕುವುದು ದುಬಾರಿ, ಆಹಾರವೋ ಅಪರೂಪ. ಗುಹೆಯೊಳಗೆ ಗಿಡವಿಲ್ಲ, ಬಿಸಿಲಿಲ್ಲ. ನೆರೆ ಹೊತ್ತು ತರುವ ಕಸಕಡ್ಡಿ, ಬಾವಲಿಗಳ ಹಿಕ್ಕೆ, ಇವೇ ಇಡೀ ಜೀವಸಮೂಹದ ಅನ್ನ. ಹೊರಗೆ ನೆರೆ ಎಂದರೆ ಹಾನಿ, ಇಲ್ಲಿನ ಮೀನಿಗೆ ಅದು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವ ಊಟ.

ಕಲ್ಲಿನೊಳಗಿನ ಮುಂಗಾರು

ಅಲ್ ಹೂತಾವನ್ನು ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಹೋತಿ ಗುಹೆ ಎಂದು ಕರೆಯುತ್ತಾರೆ. ಜಗತ್ತಿನ ಹವಾಮಾನ ಸಂಶೋಧನೆಯಲ್ಲಿ ಈ ಹೆಸರಿಗೆ ದೊಡ್ಡ ಸ್ಥಾನವಿದೆ. ಇಲ್ಲಿನ ಸ್ಟ್ಯಾಲಗ್ಮೈಟ್‌ಗಳನ್ನು ಉದ್ದಕ್ಕೆ ಸೀಳಿ ಉಜ್ಜಿದಾಗ ಮರದ ಕಾಂಡದ ಉಂಗುರಗಳಂತೆ ಪದರಗಳು ಕಾಣುತ್ತವೆ. ನೀರಿನಲ್ಲಿ ಕರಗಿ ಬರುವ ಅತ್ಯಲ್ಪ ಯುರೇನಿಯಂ ಕಾಲಕ್ರಮೇಣ ಥೋರಿಯಂ ಆಗುವ ಲೆಕ್ಕ ಹಿಡಿದು ಪ್ರತಿ ಪದರದ ವಯಸ್ಸನ್ನು ಹೇಳಬಹುದು. ಅದೇ ಪದರದಲ್ಲಿರುವ ಆಮ್ಲಜನಕದ ಭಾರದ ಮತ್ತು ಹಗುರದ ಐಸೋಟೋಪ್‌ಗಳ ಪ್ರಮಾಣ ನೋಡಿದರೆ ಆಗ ಮಳೆ ಎಷ್ಟಿತ್ತು, ಯಾವ ಕಡೆಯಿಂದ ಬಂದಿತ್ತು ಎಂಬುದರ ಸುಳಿವು ಸಿಗುತ್ತದೆ. ಸ್ಟೀಫನ್ ಬರ್ನ್ಸ್, ಡೊಮಿನಿಕ್ ಫ್ಲೈಟ್‌ಮನ್ ಮೊದಲಾದವರ ತಂಡಗಳು 1990ರ ದಶಕದಿಂದ ನಡೆಸಿದ ಈ ಕೆಲಸದಿಂದ ಒಂದು ಮಾತು ಸ್ಪಷ್ಟವಾಯಿತು. ಹೋತಿಯ ಕಲ್ಲುಗಳು ಒಂದೇ ಸಮನೆ ಬೆಳೆದಿಲ್ಲ. ಕಳೆದ ಮೂರು ಲಕ್ಷಕ್ಕೂ ಹೆಚ್ಚು ವರ್ಷಗಳಲ್ಲಿ, ಭೂಮಿಯ ಬೆಚ್ಚಗಿನ ಕಾಲಗಳಲ್ಲಿ ಮಾತ್ರ, ಬಿಟ್ಟುಬಿಟ್ಟು ಹುಲುಸಾಗಿ ಬೆಳೆದಿವೆ. ನಡುವಿನ ಹಿಮಯುಗಗಳಲ್ಲಿ ಗುಹೆ ಒಣಗಿತ್ತು.

ಇಂಥ ಕೊನೆಯ ಹಸಿ ಕಾಲ ಸುಮಾರು 10,500 ವರ್ಷಗಳ ಹಿಂದೆ ಶುರುವಾಗಿ ಸುಮಾರು 6,000 ವರ್ಷಗಳ ಹಿಂದೆ ಮುಗಿಯಿತು. ಆ ಮಳೆ ಬಂದದ್ದು ಬೇರೆಲ್ಲಿಂದಲೂ ಅಲ್ಲ, ಹಿಂದೂ ಮಹಾಸಾಗರದ ನೈರುತ್ಯ ಮಾರುತದಿಂದ. ಕಾರವಾರ, ಮಂಗಳೂರಿಗೆ ಮಳೆ ತರುವ ಮುಂಗಾರು ವ್ಯವಸ್ಥೆಯೇ ಆಗ ಉತ್ತರಕ್ಕೆ ಹೆಚ್ಚು ಚಾಚಿಕೊಂಡು ಹಜರ್ ಪರ್ವತದವರೆಗೂ ತಲುಪಿತ್ತು. ಭೂಮಿಯ ಕಕ್ಷೆ ಮತ್ತು ವಾಲಿಕೆಯ ನಿಧಾನದ ಬದಲಾವಣೆಯಿಂದ ಉತ್ತರಾರ್ಧಗೋಳದ ಬೇಸಿಗೆ ಬಿಸಿಲು ಇಳಿಯುತ್ತ ಬಂದಂತೆ ಮಳೆಪಟ್ಟಿ ದಕ್ಷಿಣಕ್ಕೆ ಸರಿಯಿತು, ಉತ್ತರ ಒಮಾನ್ ಒಣಗಿತು. ದಕ್ಷಿಣದ ದೋಫಾರ್ ಪ್ರಾಂತ್ಯದ ಕುನ್ಫ್ ಗುಹೆಯ ಒಂದು ಸ್ಟ್ಯಾಲಗ್ಮೈಟ್ ಈ ಕಥೆಯ ಮುಂದಿನ ಭಾಗವನ್ನು ಹೇಳುತ್ತದೆ. 2003ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ, ಸುಮಾರು 8,000 ವರ್ಷಗಳಿಂದೀಚೆಗೆ ಈ ಭಾಗದ ಮುಂಗಾರು ಮೆಲ್ಲಮೆಲ್ಲಗೆ ಕ್ಷೀಣಿಸುತ್ತ ಬಂದಿದೆ. ಅದರ ಮೇಲೆ ಸೂರ್ಯನ ಚಟುವಟಿಕೆಯ ಏರಿಳಿತದ ಗುರುತುಗಳೂ ಇವೆ.

ಒಮಾನಿನ ಗುಹೆಗಳಲ್ಲಿ ಅತಿ ಬೆಲೆಯುಳ್ಳದ್ದು ಯಾವುದು ಎಂದು ಕೇಳಿದರೆ ಉತ್ತರ ಈ ಮೊಳದುದ್ದದ ಕಲ್ಲುಗಳೇ. ಮುಂಗಾರಿಗೆ ಕಟ್ಟುಬಿದ್ದು ಉಳುಮೆ ಮಾಡುವ ಕೋಟಿಗಟ್ಟಲೆ ಜನ ಭಾರತದಲ್ಲಿದ್ದಾರೆ, ಮಳೆಮಾಪಕದ ದಾಖಲೆಗಳೋ ಹೆಚ್ಚೆಂದರೆ ಎರಡು ಶತಮಾನದ ಹಿಂದಕ್ಕೆ ಹೋಗುತ್ತವೆ. ಅದಕ್ಕೂ ಹಿಂದಿನ ಮುಂಗಾರಿನ ಲೆಕ್ಕವನ್ನು ಅರಬ್ಬೀ ಸಮುದ್ರದ ಆಚೆ ದಡದ ಗುಹೆಗಳು ಹನಿಹನಿಯಾಗಿ ಬರೆದಿಟ್ಟುಕೊಂಡಿವೆ. ನೆನಪಿಗೆಂದು ಪ್ರವಾಸಿಯೊಬ್ಬ ಮುರಿದೊಯ್ದ ತುಂಡಿನಲ್ಲಿ ಹೋಗುವುದು ಈ ಲೆಕ್ಕದ ಪುಟಗಳು.

ಜಿನ್ನ್‌ಗಳ ಸಭಾಮಂಟಪ

ಮಸ್ಕತ್‌ನಿಂದ ಆಗ್ನೇಯಕ್ಕೆ, ಪೂರ್ವ ಹಜರ್‌ನ ಸೆಲ್ಮಾ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಮೇಲಿದೆ. ಮರವಿಲ್ಲದ, ಕಲ್ಲು ಚೆಲ್ಲಿದ ಈ ಬಯಲಿನಲ್ಲಿ ಮೂರು ಗುಂಡಿಗಳಿವೆ. ದೂರದಿಂದ ನೋಡಿದರೆ ಮಾಮೂಲಿ ಹೊಂಡಗಳು. ಅವುಗಳಡಿಯಲ್ಲಿರುವುದು ಮಜ್ಲಿಸ್ ಅಲ್ ಜಿನ್ನ್, ಅಂದರೆ ಜಿನ್ನ್ ಎಂಬ ಭೂತಗಳ ಸಭಾಮಂಟಪ. ಸ್ಥಳೀಯ ಪಶುಪಾಲಕರು ಇದನ್ನು ಖೋಶಿಲತ್ ಮಕಂದೇಲಿ ಎನ್ನುತ್ತಾರೆ. ನೆಲದ ವಿಸ್ತೀರ್ಣ ಸುಮಾರು 58,000 ಚದರ ಮೀಟರ್, ಅಂದರೆ ಹದಿನಾಲ್ಕು ಎಕರೆಗೂ ಹೆಚ್ಚು. ಉದ್ದ 310 ಮೀಟರ್, ಅಗಲ 225 ಮೀಟರ್, ಚಾವಣಿಯ ಎತ್ತರ 120 ಮೀಟರ್. ಒಳಗಿನ ಒಟ್ಟು ಗಾತ್ರ ಸುಮಾರು 40 ಲಕ್ಷ ಘನ ಮೀಟರ್. ಈಜಿಪ್ಟಿನ ಮಹಾ ಪಿರಮಿಡ್ಡಿನ ಗಾತ್ರ ಇದಕ್ಕಿಂತ ಕಡಿಮೆ. ಇಷ್ಟು ದೊಡ್ಡ ಪೊಳ್ಳಿನ ಮೇಲೆ ಆಡುಗಳು ಮೇಯುತ್ತಿರುತ್ತವೆ. ಮೇಲ್ಮೈಯಲ್ಲಿ ಆ ಮೂರು ತೂತುಗಳ ಹೊರತು ಬೇರೆ ಯಾವ ಸುಳಿವೂ ಇಲ್ಲ.

ಇದನ್ನು ಹೊರಜಗತ್ತಿಗೆ ತಿಳಿಸಿದವರು ನೀರು ಹುಡುಕುತ್ತಿದ್ದವರು. ಒಮಾನಿನ ಜಲಸಂಪನ್ಮೂಲ ಪ್ರಾಧಿಕಾರ 1980ರ ದಶಕದಲ್ಲಿ ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಅಂತರ್ಜಲದ ಸಾಧ್ಯತೆ ನೋಡುತ್ತಿತ್ತು. ಆ ಕೆಲಸದಲ್ಲಿದ್ದ ಅಮೆರಿಕದ ಭೂಜಲವಿಜ್ಞಾನಿ ಡಾನ್ ಡೇವಿಸನ್ 1983ರಲ್ಲಿ ಈ ಗುಂಡಿಗಳನ್ನು ಗುರುತಿಸಿ, ಅದೇ ವರ್ಷ ಹಗ್ಗ ಹಿಡಿದು ಒಂದರೊಳಗೆ ಇಳಿದರು. ಅವರ ಪತ್ನಿ ಷೆರಿಲ್ ಜೋನ್ಸ್ ಮುಂದೆ ಇನ್ನೊಂದು ಬಾಯಿಯಿಂದ ಇಳಿದರು. 158 ಮೀಟರ್‌ಗಳ ಆ ಇಳಿತಕ್ಕೆ ಅವರದೇ ಹೆಸರಿದೆ. ಮೊದಲ ಬಾಯಿಯ ಇಳಿತ ಸುಮಾರು 120 ಮೀಟರ್. ಎರಡರಲ್ಲೂ ಹಗ್ಗಕ್ಕೆ ಗೋಡೆಯ ಆಸರೆ ಸಿಗುವುದು ಆರಂಭದಲ್ಲಿ ಮಾತ್ರ. ಚಾವಣಿ ದಾಟಿದ ಮೇಲೆ ಸುತ್ತಲೂ ಬರೀ ಗಾಳಿ. ಇಳಿಯುವವರು ಹಗ್ಗದ ತಿರುಚಿಗೆ ತಾವೂ ನಿಧಾನ ಸುತ್ತುತ್ತ, ಮೇಲಿನ ಬಾಯಿಂದ ಬಿದ್ದ ಬಿಸಿಲಕೋಲೊಂದೇ ದಾರಿ ತೋರಿಸಲು, ತಳ ಮುಟ್ಟಬೇಕು. ಇಳಿಯುವುದು ನಿಮಿಷಗಳ ಕೆಲಸ, ಅದೇ ಹಗ್ಗ ಹತ್ತಿ ಮೇಲೆ ಬರುವುದು ತಾಸುಗಟ್ಟಲೆ. ಒಬ್ಬೊಬ್ಬರೇ ಹತ್ತಬೇಕಾದ್ದರಿಂದ ತಂಡ ದೊಡ್ಡದಾದಷ್ಟೂ ಕೆಳಗೆ ಕಾಯುವ ಹೊತ್ತು ಹೆಚ್ಚು. ಹಗ್ಗದ ಮೇಲೆ ಏರಿಳಿಯುವ ವಿದ್ಯೆಯನ್ನು ಸರಿಯಾಗಿ ಕಲಿಯದವರು ಇಲ್ಲಿಗೆ ಬರಲೇಬಾರದು. ಹಲವು ವರ್ಷ ಸರ್ಕಾರ ಇಲ್ಲಿ ಇಳಿಯುವುದನ್ನೇ ತಡೆದಿತ್ತು. ಇಳಿಯುವ ಇರಾದೆಯಿದ್ದವರು ಸದ್ಯದ ನಿಯಮವೇನು ಎಂಬುದನ್ನು ಪರಂಪರೆ ಮತ್ತು ಪ್ರವಾಸೋದ್ಯಮ ಸಚಿವಾಲಯದಿಂದ ತಿಳಿದುಕೊಂಡು, ಪರವಾನಗಿ ಪಡೆದ ತಂಡದೊಂದಿಗೇ ಹೋಗಬೇಕು.

ಇದೇ ಪ್ರಸ್ಥಭೂಮಿಯಲ್ಲಿ ಹಲವು ಬಾಯಿಗಳುಳ್ಳ, ಒಂದಕ್ಕೊಂದು ಕೂಡಿಕೊಂಡ ಸುರಂಗಜಾಲವೂ ಇದೆ. ಸೆವೆಂತ್ ಹೋಲ್ ಎಂದು ಸಾಹಸಿಗಳು ಕರೆಯುವ ಬಾಯಿಯಿಂದ ಇಳಿದು, ಒಳಗಿನ ಕೊಳಗಳಲ್ಲಿ ಈಜಿ, ಬೇರೆಡೆ ಹೊರಬೀಳುವ ದಾರಿ ಅನುಭವಿಗಳ ನಡುವೆ ಪ್ರಸಿದ್ಧ. ಅದು ನುರಿತವರ ಪಾಡು.

ಹಗ್ಗ ಬೇಡದ ತಾಣಗಳೂ ಇವೆ. ಒಂದು ಕರಾವಳಿಯ ಹೆದ್ದಾರಿಯಲ್ಲೇ ಸಿಗುತ್ತದೆ. ಮಸ್ಕತ್‌ನಿಂದ ಸೂರ್ ಕಡೆ ಸಾಗುವಾಗ ದಿಬಾಬ್ ಮತ್ತು ಬಿಮ್ಮಾ ಊರುಗಳ ನಡುವೆ ಹವಿಯತ್ ನಜ್ಮ್ ಎಂಬ ಸಿಂಕ್‌ಹೋಲ್ ಇದೆ. ನಕ್ಷತ್ರ ಬಿದ್ದು ಆದ ಗುಂಡಿ ಎಂಬುದು ಊರವರ ಕಥೆ. ನಿಜವಾಗಿ ಒಳಗಿನ ಪೊಳ್ಳಿನ ಚಾವಣಿ ಕುಸಿದು ಆದದ್ದು. ಸಮುದ್ರ ಇಲ್ಲಿಂದ ಸುಮಾರು 600 ಮೀಟರ್ ದೂರ. ಸಿಹಿನೀರೂ ಉಪ್ಪುನೀರೂ ಬೆರೆತ ನೀಲಿಹಸಿರು ಕೊಳಕ್ಕೆ ಕಾಂಕ್ರೀಟ್ ಮೆಟ್ಟಿಲುಗಳಿವೆ. ಕೊನೆಯ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಹಿಮ್ಮಡಿಯ ಚರ್ಮ ಕಚ್ಚುತ್ತವೆ. ಇನ್ನೊಂದು ತಾಣ ಒಳನಾಡಿನ ವಾಡಿ ಬನಿ ಖಾಲಿದ್. ವರ್ಷವಿಡೀ ನೀರಿರುವ ಈ ಕಣಿವೆಯಲ್ಲಿ ಕೊಳಗಳನ್ನು ದಾಟಿ ಮೇಲೆ ನಡೆದರೆ ಮುಕಲ್ ಗುಹೆಯ ಇಕ್ಕಟ್ಟಾದ ಬಾಯಿ ಸಿಗುತ್ತದೆ. ಮೊಣಕಾಲೂರಿ ತೆವಳಿ ಒಳಹೋಗಬೇಕು. ಒಳಗೆ ಸೆಕೆ, ಬಾವಲಿಗಳ ವಾಸನೆ, ಬಂಡೆಯ ಆಚೆ ಎಲ್ಲೋ ನೀರು ಹರಿಯುವ ಸದ್ದು. ಟಾರ್ಚಿನ ಬೆಳಕಿಗೆ ಸಿಗದ ಆ ಸದ್ದೇ ಇಲ್ಲಿನ ವಿಶೇಷ. ಸುಣ್ಣಕಲ್ಲಿನ ಬೆಟ್ಟ ಒಣಗಿದಂತೆ ಕಂಡರೂ ಒಳಗೆ ನೀರು ನಡೆದಾಡುತ್ತಿರುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ.

ಒಮಾನಿನ ಊರುಗಳು ಬದುಕಿರುವುದೂ ಈ ನಡೆದಾಡುವ ನೀರಿನಿಂದಲೇ. ಬೆಟ್ಟದ ಬುಡದಲ್ಲಿ ಅಂತರ್ಜಲಕ್ಕೆ ಸುರಂಗ ತೋಡಿ, ಇಳಿಜಾರಿನ ಬಲದಿಂದಲೇ ನೀರನ್ನು ಖರ್ಜೂರದ ತೋಟಗಳಿಗೆ ತರುವ ಕಾಲುವೆಗಳಿಗೆ ಫಲಜ್ ಎನ್ನುತ್ತಾರೆ. ಇವುಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ದಾರಿಸ್ ಫಲಜ್ ಅವುಗಳಲ್ಲಿ ಒಂದು. ಅಲ್ ಹೂತಾ ನೋಡಿದವರು ಅದೇ ದಿನ ಇದನ್ನೂ ನೋಡಿದರೆ ಬೆಟ್ಟದೊಳಗಿನ ನೀರಿನ ದಾರಿ ಊರೊಳಗಿನ ದಾರಿಯವರೆಗೆ ಹೇಗೆ ಬಂತೆಂಬುದು ಕಣ್ಣಾರೆ ಗೊತ್ತಾಗುತ್ತದೆ.

ದೋಫಾರಿನ ಮಂಜು

ದಕ್ಷಿಣದ ತುದಿಯ ದೋಫಾರ್‌ನಲ್ಲಿ ಕಥೆ ಬೇರೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಅಂಚು ಸಲಾಲಾ ನಗರದ ಹಿಂದಿನ ಬೆಟ್ಟಗಳನ್ನು ಸವರಿಕೊಂಡು ಹೋಗುತ್ತದೆ. ಗಾಳಿಯ ರಭಸಕ್ಕೆ ಸಮುದ್ರದ ಆಳದ ತಣ್ಣೀರು ಮೇಲೆ ಬರುತ್ತದೆ, ಅದರ ಮೇಲೆ ಬೀಸಿದ ತೇವದ ಗಾಳಿ ತಂಪಾಗಿ ದಟ್ಟ ಮಂಜಾಗುತ್ತದೆ. ಇದೇ ಖರೀಫ್. ಮಂಜನ್ನು ಮರಗಳ ಎಲೆಗಳು ಹಿಡಿದು ಹನಿಯಾಗಿ ನೆಲಕ್ಕಿಳಿಸುತ್ತವೆ. ಬೆಟ್ಟದ ಕಡಲಮುಖ ಮೂರು ತಿಂಗಳು ಹಸಿರು, ಬೆನ್ನ ಹಿಂದೆ ಕೆಲವೇ ಕಿಲೋಮೀಟರ್‌ಗಳಲ್ಲಿ ಮರಳು. ಇಲ್ಲಿನ ಗುಹೆಗಳು ಇಂದಿಗೂ ಮುಂಗಾರಿನ ನೀರನ್ನೇ ಕುಡಿಯುತ್ತಿವೆ. ಕುನ್ಫ್‌ನ ಕಲ್ಲು ಮುಂಗಾರಿನ ದಾಖಲೆಯಾಗಲು ಕಾರಣ ಇದೇ.

ಇಲ್ಲಿನ ತಾವಿ ಅತೈರ್ ಎಂದರೆ ಹಕ್ಕಿಗಳ ಬಾವಿ. ಸುಮಾರು 211 ಮೀಟರ್ ಆಳದ ಈ ಸಿಂಕ್‌ಹೋಲಿನ ಗೋಡೆಗಳ ಸಂದಿಗಳಲ್ಲಿ ಪಾರಿವಾಳ, ಗಿಡುಗ, ಗುಬ್ಬಚ್ಚಿಯಂಥ ಹಲವು ಹಕ್ಕಿಗಳು ಗೂಡು ಕಟ್ಟಿವೆ. ಯೆಮನ್ ಸೆರಿನ್ ಎಂಬ ಅಪರೂಪದ ಪುಟ್ಟ ಹಕ್ಕಿ ಒಮಾನಿನಲ್ಲಿ ಕಾಣಸಿಕ್ಕದ್ದು ಇಲ್ಲಿಯೇ. ಅಂಚಿನಿಂದ ಸ್ವಲ್ಪ ಕೆಳಗೆ ನೋಟಕ್ಕೆಂದು ಕಟ್ಟೆ ಕಟ್ಟಿದ್ದಾರೆ. ಮುಂಜಾನೆ ಅಲ್ಲಿ ನಿಂತರೆ ಕೂಗುಗಳು ಗೋಡೆಗೆ ಬಡಿದು ದುಪ್ಪಟ್ಟಾಗಿ ಕೇಳುತ್ತವೆ. ಹತ್ತಿರದ ತೈಕ್ ಸಿಂಕ್‌ಹೋಲ್ ಇನ್ನೂ ವಿಶಾಲ, ಕಣಿವೆಯೊಂದು ನೆಲದೊಳಗೆ ಇಳಿದು ಹೋದಷ್ಟು. 1990ರ ದಶಕದಲ್ಲಿ ಸ್ಲೊವೇನಿಯಾದ ಗುಹಾಶೋಧಕರು ಈ ಎರಡರ ಒಳದಾರಿಗಳನ್ನೂ ಅಳೆದರು.

ದೋಫಾರಿನ ಗುಹೆಗಳಲ್ಲಿ ಮನುಷ್ಯರ ಗುರುತು ದಟ್ಟವಾಗಿದೆ. ಬೆಟ್ಟದ ಜಿಬ್ಬಾಲಿ ಜನ ಹಸುಗಳನ್ನು ಸಾಕುವವರು. ಖರೀಫ್‌ನ ಜಿಟಿಜಿಟಿ ಮಳೆಯಲ್ಲಿ ದನಗಳನ್ನು ಕಟ್ಟಲು ಅವರಿಗೆ ಗುಹೆಗಳೇ ಕೊಟ್ಟಿಗೆಯಾಗಿದ್ದವು. ಬಾಯಿಗೆ ಕಲ್ಲಿನ ಗೋಡೆ ಕಟ್ಟಿ, ಒಂದು ಬದಿ ಮನೆ, ಇನ್ನೊಂದು ಬದಿ ದನ. ಕಲ್ಲುಗೋಡೆಗಳ ಮೇಲೆ ಒಂಟೆ, ಕುದುರೆ ಸವಾರರ ಚಿತ್ರಗಳಿವೆ, ಪ್ರಾಚೀನ ಲಿಪಿಯ ಬಣ್ಣದ ಅಕ್ಷರಗಳಿವೆ. ಅವನ್ನು ಗುಹೆಯಿಂದ ಗುಹೆಗೆ ಅಲೆದು ದಾಖಲಿಸಿದವರು ದೋಫಾರಿನವರೇ ಆದ ಅಲಿ ಅಹ್ಮದ್ ಅಲ್ ಶಹರಿ. ತಂಗಲು ಬಂದವರ ಬೆಂಕಿಯ ಹೊಗೆಗೂ ಸುಣ್ಣದ ಗೀಚಿಗೂ ಇಂಥ ಅಕ್ಷರಗಳು ಬಹಳ ಬೇಗ ಬಲಿಯಾಗುತ್ತವೆ. ಆದ್ದರಿಂದ ಗುಹೆಯೊಳಗೆ ಒಲೆ ಹಚ್ಚುವುದು ದೊಡ್ಡ ತಪ್ಪು.

ಗುಹೆಗಳ ಬಗ್ಗೆ ಅರಬ್ಬರ ನಾಡಿನಲ್ಲಿ ಜಿನ್ನ್‌ಗಳ ಭಯ ಹಳೆಯದು. ಗಡಿಯಾಚೆ ಯೆಮನ್‌ನ ಅಲ್ ಮಹ್ರಾದಲ್ಲಿ ಬರ್ಹೂತ್ ಎಂಬ ಗುಂಡಿಯನ್ನು ಜನ ನರಕದ ಬಾವಿ ಎಂದೇ ಕರೆದು ದೂರ ಉಳಿದಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಒಮಾನಿನ ಗುಹಾಶೋಧಕರ ತಂಡವೊಂದು ಅಲ್ಲಿಗೆ ಹೋಗಿ, ಎಂಟು ಮಂದಿ ಹಗ್ಗ ಹಿಡಿದು ತಳ ಮುಟ್ಟಿದರು. 30 ಮೀಟರ್ ಅಗಲ, 112 ಮೀಟರ್ ಆಳದ ಆ ಬಾವಿಯ ತಳದಲ್ಲಿ ಅವರಿಗೆ ಕಂಡದ್ದು ಗೋಡೆಯಿಂದ ಧುಮುಕುವ ನೀರು, ಹಾವುಗಳು, ಬಿದ್ದು ಸತ್ತ ಪ್ರಾಣಿಪಕ್ಷಿಗಳು, ಹನಿ ಬೀಳುವಲ್ಲಿ ಉರುಟಾಗಿ ಬೆಳೆದ ಗುಹಾಮುತ್ತುಗಳು. ಮೊದಮೊದಲು ಹೊರದೇಶದವರು ಮಾಡುತ್ತಿದ್ದ ಕೆಲಸವನ್ನು ಇಂದು ಒಮಾನಿನ ಭೂವಿಜ್ಞಾನಿಗಳೂ ಹವ್ಯಾಸಿಗಳೂ ತಮ್ಮ ಕೈಗೆ ತೆಗೆದುಕೊಂಡಿದ್ದಾರೆ. ತಮ್ಮ ನೆಲದ ಆಳವನ್ನು ತಾವೇ ಅಳೆಯುವ ಈ ಉತ್ಸಾಹ ಮೆಚ್ಚತಕ್ಕದ್ದು.

ಹೋಗುವವರಿಗೆ

ಉತ್ತರದ ಗುಹೆಗಳಿಗೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಬೇಸಿಗೆಯಲ್ಲಿ ಗುಹೆಯ ಬಾಯಿ ತಲುಪುವ ಮುಂಚೆಯೇ ಬಿಸಿಲು ಜನರನ್ನು ಬಸವಳಿಸುತ್ತದೆ. ಚಳಿಗಾಲಕ್ಕೆ ಒಂದೇ ತೊಡಕು, ಉತ್ತರದಲ್ಲಿ ಬರುವ ಅಲ್ಪಸ್ವಲ್ಪ ಮಳೆಯ ಬಹುಪಾಲು ಬರುವುದೂ ಆಗಲೇ. ಮಣ್ಣಿಲ್ಲದ ಬೋಳು ಬೆಟ್ಟದ ಮೇಲೆ ಬಿದ್ದ ನೀರು ಹೆಚ್ಚು ಇಂಗುವುದಿಲ್ಲ, ಒಟ್ಟಾಗಿ ವಾಡಿಗೆ ಇಳಿಯುತ್ತದೆ. ಗುಹೆಯ ಬಾಯಲ್ಲಿ ಆಕಾಶ ನಿರಭ್ರವಾಗಿದ್ದರೂ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಸುರಿದ ಮಳೆ ತಾಸೆರಡು ತಾಸಿನಲ್ಲಿ ಗೋಡೆಯಂತೆ ನುಗ್ಗಿ ಬರಬಹುದು. ಇಡೀ ಪ್ರದೇಶದ ಮುನ್ಸೂಚನೆ ನೋಡದೆ ವಾಡಿಗೂ ಗುಹೆಗೂ ಇಳಿಯಕೂಡದು. ಒಳಗೆ ನೀರು ಕಲಕಿ ಕೆಂಪಾಗುವುದು, ತರಗೆಲೆ ತೇಲಿ ಬರುವುದು, ಗಾಳಿಯ ದಿಕ್ಕು ತಟ್ಟನೆ ಬದಲಾಗುವುದು ಕಂಡರೆ ಆ ಕ್ಷಣವೇ ಎತ್ತರದ ಜಾಗಕ್ಕೆ ಏರಬೇಕು.

ಪ್ರತಿಯೊಬ್ಬರಿಗೂ ಮೂರು ಪ್ರತ್ಯೇಕ ದೀಪ ಎಂಬುದು ಗುಹಾಶೋಧಕರ ಹಳೆಯ ನಿಯಮ. ತಲೆಗೆ ಹೆಲ್ಮೆಟ್ಟು, ಅದಕ್ಕೊಂದು ಹೆಡ್‌ಲ್ಯಾಂಪು, ಚೀಲದಲ್ಲಿ ಇನ್ನೆರಡು. ಮೊಬೈಲ್ ಟಾರ್ಚನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಹೊರಗಿರುವ ಒಬ್ಬರಿಗೆ ಹೇಳಿಯೇ ಒಳಹೊಗಬೇಕು. ಬಂಡೆಯಡಿ ಫೋನ್ ಸಿಗ್ನಲ್ ಇರುವುದಿಲ್ಲ. ಆಳದ ತಗ್ಗುಗಳಲ್ಲಿ ಇಂಗಾಲದ ಡೈಆಕ್ಸೈಡ್ ಕೂತಿರಬಹುದು. ಕಾರಣವಿಲ್ಲದೆ ಏದುಸಿರು ಬಂದರೆ, ತಲೆ ಭಾರವಾದರೆ ಹಿಂದಿರುಗಬೇಕು. ಬಾವಲಿಗಳ ಒಣಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರಬಲ್ಲದು, ಅಂಥಲ್ಲಿ ಮಾಸ್ಕ್ ಬೇಕು. ಬೆಟ್ಟದ ರಸ್ತೆಗಳಿಗೆ ಫೋರ್‌ವೀಲ್ ಡ್ರೈವ್ ಗಾಡಿಯೇ ಆಗಬೇಕು. ಗುಹೆಯೊಳಗೆ ತಂಪೆಂದು ನೀರಿನ ಬಾಟಲಿ ಕಡಿಮೆ ಮಾಡಿಕೊಂಡವರು ವಾಪಸು ನಡೆಯುವಾಗ ಪರಿತಪಿಸುತ್ತಾರೆ.

ಗುಹೆಗೂ ಪ್ರವಾಸಿಯಿಂದ ಅಪಾಯವಿದೆ. ಬೆರಳಿನ ಎಣ್ಣೆ ಅಂಟಿದ ಜಾಗದಲ್ಲಿ ಸುಣ್ಣ ಕೂರುವುದು ಕೆಡುತ್ತದೆ, ಕಲ್ಲು ಕಪ್ಪಾಗುತ್ತದೆ. ಸದಾ ಉರಿಯುವ ವಿದ್ಯುದ್ದೀಪದ ಸುತ್ತ ಹಸಿರು ಪಾಚಿ ಬೆಳೆಯುತ್ತದೆ. ಜನರ ಉಸಿರು ಮತ್ತು ಮೈಬಿಸಿ ಇಕ್ಕಟ್ಟಾದ ಕೋಣೆಯ ಗಾಳಿಯನ್ನೇ ಬದಲಿಸುತ್ತದೆ. ಪ್ರದರ್ಶನ ಗುಹೆ ಎಂದರೆ ಒಂದು ಗುಹೆಯ ಒಂದಷ್ಟು ಭಾಗವನ್ನು ಬಿಟ್ಟುಕೊಟ್ಟು ಉಳಿದವನ್ನು ಉಳಿಸಿಕೊಳ್ಳುವ ಒಪ್ಪಂದ. ಅಲ್ ಹೂತಾದಲ್ಲಿ ಹಾಗೆ ಬಿಟ್ಟುಕೊಟ್ಟದ್ದು ಒಟ್ಟು ಉದ್ದದ ಒಂಬತ್ತರಲ್ಲೊಂದು ಪಾಲು. ಇದು ಸರಿಯಾದ ಲೆಕ್ಕ.

ಮಸ್ಕತ್, ಸೊಹಾರ್, ಸಲಾಲಾಗಳಲ್ಲಿ ನೆಲೆಸಿರುವ ಕನ್ನಡಿಗರು, ಅದರಲ್ಲೂ ಕರಾವಳಿಯವರು, ಕಡಿಮೆಯೇನಿಲ್ಲ. ಊರಿನಿಂದ ಮಕ್ಕಳು ಬಂದಾಗ ಮಾಲ್‌ಗಳಿಗೆ ಕರೆದೊಯ್ಯುವುದರ ಜತೆಗೆ ಒಂದು ದಿನ ಅಲ್ ಹೂತಾಗೂ ಕರೆದುಕೊಂಡು ಹೋಗಿ. ಟಿಕೆಟ್ ಮುಂಗಡ ಕಾಯ್ದಿರಿಸಿ. ಒಳಗೆ ನಿಂತು, ತುದಿಯಲ್ಲಿ ಹನಿ ತೂಗುತ್ತಿರುವ ಕಲ್ಲನ್ನೂ ಒಣಗಿದ ಕಲ್ಲನ್ನೂ ಮಕ್ಕಳಿಗೆ ಬೇರೆಬೇರೆಯಾಗಿ ತೋರಿಸಿ, ಎರಡನ್ನೂ ಮುಟ್ಟದಂತೆ ನೋಡಿಕೊಳ್ಳಿ.